ಗ್ರಾಹಕರ ಮಾಹಿತಿಗಾಗಿ: ಮಿತ ವೆಚ್ಚದ ಹೋಂ ಥಿಯೇಟರ್ ರಿಸೀವರ್ ಹಾಗೂ ಅದಕ್ಕೆ ಹೊಂದುವ ಸ್ಪೀಕರ್‌ಗಳ ಆಯ್ಕೆ

ಪೀಠಿಕೆ

ಚಲನಚಿತ್ರ, ಕ್ರಿಕೆಟ್ ಪಂದ್ಯ ಹಾಗೂ ಸಂಗೀತ ಕಾರ್ಯಕ್ರಮಗಳನ್ನು ಮನೆಯಲ್ಲಿಯೇ ಉತ್ತಮ ಧ್ವನಿಯೊಂದಿಗೆ ವೀಕ್ಷಿಸುವ ಸಲುವಾಗಿ ಅನೇಕ ಕುಟುಂಬಗಳು ಹೋಂ ಥಿಯೇಟರ್ ಉಪಕರಣಗಳನ್ನು ಖರೀದಿಸುತ್ತಿವೆ. ಮಧ್ಯಮ ವರ್ಗದ ಕುಟುಂಬಕ್ಕೆ ಇದು ಸಣ್ಣ ವೆಚ್ಚವಲ್ಲ. ಹಬ್ಬದ ಬೋನಸ್, ಚೀಟಿಯ ಹಣ ಅಥವಾ ಮಾಸಿಕ ಕಂತಿನ ಸಾಲದಿಂದ ಮಾಡುವ ಈ ಖರೀದಿಯಲ್ಲಿ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುವ ವ್ಯಾಟ್ ಸಂಖ್ಯೆಯೊಂದನ್ನೇ ನಂಬಿ ಹಣ ಪಾವತಿಸುವವರು ಹಲವರು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸರಕಿನ ದೋಷ, ಸೇವಾ ನ್ಯೂನತೆ ಹಾಗೂ ಅನುಚಿತ ವ್ಯಾಪಾರ ಪದ್ಧತಿಗಳ ವಿರುದ್ಧ ಗ್ರಾಹಕರು ಪರಿಹಾರ ಕೋರಬಹುದಾಗಿದೆ. ಆದರೆ ರಿಸೀವರ್‌ನಲ್ಲಿಯೂ ದೋಷವಿಲ್ಲದೆ, ಸ್ಪೀಕರ್‌ನಲ್ಲಿಯೂ ದೋಷವಿಲ್ಲದೆ, ಅವೆರಡೂ ಒಂದಕ್ಕೊಂದು ಹೊಂದದಿದ್ದಲ್ಲಿ, ಆ ನಷ್ಟವನ್ನು ಸಾಮಾನ್ಯವಾಗಿ ಖರೀದಿದಾರರೇ ಭರಿಸಬೇಕಾಗುತ್ತದೆ. ಆದ್ದರಿಂದ ಹಣ ಪಾವತಿಸುವ ಮೊದಲೇ ಕೆಲವು ಅಂಶಗಳನ್ನು ತಿಳಿದಿರುವುದು ಅವಶ್ಯ. ಅವುಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

1. ರಿಸೀವರ್ ಎಂದರೇನು?

ರಿಸೀವರ್ ಎಂಬುದು ಟಿ.ವಿ., ಸೆಟ್ ಟಾಪ್ ಬಾಕ್ಸ್ ಮುಂತಾದವುಗಳಿಂದ ಬರುವ ಧ್ವನಿ ಸಂಕೇತವನ್ನು ಪಡೆದು, ಅದನ್ನು ಬೇರೆ ಬೇರೆ ಚಾನೆಲ್‌ಗಳಾಗಿ ವಿಂಗಡಿಸಿ, ಬಲಪಡಿಸಿ ಸ್ಪೀಕರ್‌ಗಳಿಗೆ ಕಳುಹಿಸುವ ಉಪಕರಣವಾಗಿದೆ. 5.1 ವ್ಯವಸ್ಥೆಯಲ್ಲಿ ಮುಂಭಾಗದ ಎಡ, ಬಲ ಹಾಗೂ ಮಧ್ಯದ ಸ್ಪೀಕರ್‌ಗಳು ಮತ್ತು ಪಕ್ಕದ ಅಥವಾ ಹಿಂಭಾಗದ ಎರಡು ಸರೌಂಡ್ ಸ್ಪೀಕರ್‌ಗಳು ಸೇರಿ ಐದು ಚಾನೆಲ್‌ಗಳಿರುತ್ತವೆ. ‘.1’ ಎಂಬುದು ಗುಡುಗು, ಸ್ಫೋಟ ಮುಂತಾದ ಅತಿ ಮಂದ್ರ ಧ್ವನಿಗಾಗಿ ಮೀಸಲಾದ ಚಾನೆಲ್ಲನ್ನು ಸೂಚಿಸುತ್ತದೆ. ಇದನ್ನು ಸಬ್‌ವೂಫರ್ ನುಡಿಸುತ್ತದೆ.

ಒಂದೇ ಪೆಟ್ಟಿಗೆಯಲ್ಲಿ ಎಲ್ಲವೂ ಸೇರಿ ಬರುವ ಸಿದ್ಧ ಹೋಂ ಥಿಯೇಟರ್ ಸೆಟ್‌ಗಳಿಗೂ ರಿಸೀವರ್ ವ್ಯವಸ್ಥೆಗೂ ವ್ಯತ್ಯಾಸವಿದೆ. ಸಿದ್ಧ ಸೆಟ್‌ನಲ್ಲಿ ಒಂದು ಭಾಗ ಕೆಟ್ಟರೆ ಹೊರಗಿನಿಂದ ಬೇರೆ ಭಾಗ ತಂದು ಜೋಡಿಸುವುದು ಕಷ್ಟ. ರಿಸೀವರ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಭಾಗವನ್ನೂ ಪ್ರತ್ಯೇಕವಾಗಿ ಖರೀದಿಸಬಹುದು ಹಾಗೂ ಬದಲಾಯಿಸಬಹುದು. ಆದರೆ ಹೊಂದಾಣಿಕೆಯ ಜವಾಬ್ದಾರಿಯು ಖರೀದಿದಾರರ ಮೇಲಿರುತ್ತದೆ.

2. ವ್ಯಾಟ್ ಸಂಖ್ಯೆಯನ್ನು ಓದುವ ಕ್ರಮ

ಕೆಲವು ಪೆಟ್ಟಿಗೆಗಳ ಮೇಲೆ ‘ಪಿ.ಎಂ.ಪಿ.ಓ.’ ಎಂದು ನಮೂದಿಸಿ ಸಾವಿರಾರು ವ್ಯಾಟ್‌ಗಳನ್ನು ತೋರಿಸಲಾಗಿರುತ್ತದೆ. ಈ ಸಂಖ್ಯೆಯನ್ನು ಅಳೆಯಲು ಒಪ್ಪಿತವಾದ ಯಾವುದೇ ಮಾನದಂಡವಿಲ್ಲ. ಆದ್ದರಿಂದ ಇದನ್ನು ಹೋಲಿಕೆಗೆ ಬಳಸತಕ್ಕದ್ದಲ್ಲ. ‘ಆರ್.ಎಂ.ಎಸ್.’ ಎಂದು ನಮೂದಿಸಿರುವ ನಿರಂತರ ಸಾಮರ್ಥ್ಯವನ್ನು ಮಾತ್ರ ಗಮನಿಸುವುದು ಸೂಕ್ತ.

ಆರ್.ಎಂ.ಎಸ್. ಸಂಖ್ಯೆಯನ್ನು ಸಹ ಅದರ ಷರತ್ತುಗಳೊಂದಿಗೆ ಓದಬೇಕು. ಆರಂಭಿಕ ದರ್ಜೆಯ ಒಂದು ರಿಸೀವರ್‌ನ ವಿವರಣಾ ಪತ್ರದಲ್ಲಿ ಒಂದೇ ಉಪಕರಣಕ್ಕೆ ಮೂರು ಸಂಖ್ಯೆಗಳಿವೆ:

(ಅ) 70 ವ್ಯಾಟ್ - ಎರಡು ಚಾನೆಲ್‌ಗಳು ಏಕಕಾಲದಲ್ಲಿ, 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ, ಧ್ವನಿ ವಿರೂಪ ಶೇ. 0.09.
(ಆ) 100 ವ್ಯಾಟ್ - ಒಂದೇ ಚಾನೆಲ್, 1,000 ಹರ್ಟ್ಸ್ ಮಾತ್ರ, ಧ್ವನಿ ವಿರೂಪ ಶೇ. 0.9.
(ಇ) 135 ವ್ಯಾಟ್ - ಒಂದೇ ಚಾನೆಲ್, 1,000 ಹರ್ಟ್ಸ್ ಮಾತ್ರ, ಧ್ವನಿ ವಿರೂಪ ಶೇ. 10.

ಮೂರೂ ಸಂಖ್ಯೆಗಳು ಸುಳ್ಳಲ್ಲ. ಆದರೆ ಶೇ. 10ರಷ್ಟು ವಿರೂಪಗೊಂಡ ಧ್ವನಿಯನ್ನು ಯಾರೂ ಸಂತೋಷದಿಂದ ಆಲಿಸಲಾರರು. ಒಂದು ಕಂಪನಿಯ 135 ವ್ಯಾಟನ್ನು ಇನ್ನೊಂದು ಕಂಪನಿಯ 70 ವ್ಯಾಟ್‌ನೊಂದಿಗೆ ಹೋಲಿಸಿದಲ್ಲಿ ಗ್ರಾಹಕರು ಮೋಸ ಹೋಗುವ ಸಂಭವವಿರುತ್ತದೆ. ಹೋಲಿಕೆಗೆ ಯಾವಾಗಲೂ (ಅ) ಮಾದರಿಯ ಸಂಖ್ಯೆಯನ್ನೇ ಬಳಸಬೇಕು ಹಾಗೂ ಅದನ್ನು ಎಷ್ಟು ಓಮ್‌ಗೆ ನೀಡಲಾಗಿದೆ ಎಂಬುದನ್ನೂ ನೋಡಬೇಕು. ಅಮೆರಿಕದಲ್ಲಿ ಆಂಪ್ಲಿಫೈಯರ್ ಸಾಮರ್ಥ್ಯವನ್ನು ಪ್ರಕಟಿಸುವ ಕ್ರಮದ ಬಗ್ಗೆ 1974ರಲ್ಲಿಯೇ ನಿಯಮ ರೂಪಿಸಲಾಗಿದ್ದು, 2024ರಲ್ಲಿ ಅದನ್ನು ತಿದ್ದುಪಡಿ ಮಾಡಿ ಅಳತೆಯ ಷರತ್ತುಗಳನ್ನು ಏಕರೂಪಗೊಳಿಸಲಾಗಿದೆ. ಎರಡು ಚಾನೆಲ್‌ಗಳಿಗೆ ನೀಡಿದ ಸಂಖ್ಯೆಯು ಐದೂ ಚಾನೆಲ್‌ಗಳು ಒಟ್ಟಿಗೆ ದುಡಿಯುವಾಗ ಕಡಿಮೆಯಾಗುತ್ತದೆ ಎಂಬುದನ್ನೂ ತಿಳಿದಿರಬೇಕು.

ಅಂಗಡಿಯಲ್ಲಿಯೇ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಉಪಕರಣದ ಹಿಂಬದಿಯ ಫಲಕದಲ್ಲಿ ಅದು ಬಳಸುವ ವಿದ್ಯುತ್ತಿನ ಪ್ರಮಾಣವನ್ನು ವ್ಯಾಟ್‌ಗಳಲ್ಲಿ ನಮೂದಿಸಲಾಗಿರುತ್ತದೆ. ಜಮೆಗಿಂತ ಖರ್ಚು ಹೆಚ್ಚಾಗಲು ಸಾಧ್ಯವಿಲ್ಲದಂತೆ, ಗೋಡೆಯ ಪ್ಲಗ್‌ನಿಂದ ಪಡೆಯುವುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಯಾವುದೇ ಉಪಕರಣವು ನಿರಂತರವಾಗಿ ಹೊರಗೆ ಕೊಡಲಾರದು. ಹಿಂಬದಿಯ ಸಂಖ್ಯೆಯು ನಿಗದಿತ ಪರೀಕ್ಷಾ ಸ್ಥಿತಿಗೆ ಸಂಬಂಧಿಸಿದ್ದರಿಂದ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ಅದು ದೋಷವಲ್ಲ. ಆದರೆ ವಿದ್ಯುತ್ ಬಳಕೆ 60 ವ್ಯಾಟ್ ಎಂದಿದ್ದು, ಪೆಟ್ಟಿಗೆಯ ಮೇಲೆ 1,000 ವ್ಯಾಟ್ ಎಂದಿದ್ದಲ್ಲಿ ಆ ಸಂಖ್ಯೆಯನ್ನು ಪರಿಗಣಿಸತಕ್ಕದ್ದಲ್ಲ.

3. ಓಮ್ ಹೊಂದಾಣಿಕೆ

ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ಪ್ರತಿರೋಧವನ್ನು ಓಮ್‌ಗಳಲ್ಲಿ ಸೂಚಿಸಲಾಗುತ್ತದೆ. ಓಮ್ ಕಡಿಮೆಯಾದಷ್ಟೂ ಸ್ಪೀಕರ್ ರಿಸೀವರ್‌ನಿಂದ ಹೆಚ್ಚು ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ ಹಾಗೂ ರಿಸೀವರ್ ಹೆಚ್ಚು ಬಿಸಿಯಾಗುತ್ತದೆ. ಕಡಿಮೆ ಬೆಲೆಯ ಅನೇಕ ರಿಸೀವರ್‌ಗಳ ಹಿಂಬದಿಯಲ್ಲಿ 6 ಓಮ್ ಅಥವಾ ಅದಕ್ಕಿಂತ ಹೆಚ್ಚಿನ ಸ್ಪೀಕರ್‌ಗಳನ್ನು ಮಾತ್ರ ಜೋಡಿಸುವಂತೆ ಸೂಚಿಸಲಾಗಿರುತ್ತದೆ. ಅಂತಹ ರಿಸೀವರ್‌ಗಳಿಗೆ 6 ಅಥವಾ 8 ಓಮ್ ಸ್ಪೀಕರ್‌ಗಳನ್ನೇ ಆಯ್ಕೆ ಮಾಡಬೇಕು.

ಈ ವಿಷಯದಲ್ಲಿ ಸಾಮಾನ್ಯವಾಗಿ ಆಗುವ ಮೂರು ತಪ್ಪುಗಳು ಹೀಗಿವೆ:

(ಅ) ಹಳೆಯ ಸಿದ್ಧ ಸೆಟ್‌ನ ಸ್ಪೀಕರ್‌ಗಳನ್ನು ಹೊಸ ರಿಸೀವರ್‌ಗೆ ಜೋಡಿಸುವುದು. ಇಂತಹ ಹಲವು ಸ್ಪೀಕರ್‌ಗಳು 3 ಅಥವಾ 4 ಓಮ್‌ನವು. ಹಣ ಉಳಿಸಲು ಹೋಗಿ ಹೊಸ ರಿಸೀವರನ್ನೇ ಕಳೆದುಕೊಳ್ಳುವ ಸಾಧ್ಯತೆಯಿದೆ. ಹಳೆಯ ಸ್ಪೀಕರಿನ ಹಿಂಬದಿಯ ಚೀಟಿಯನ್ನು ಓದಿದ ನಂತರವೇ ಜೋಡಿಸಬೇಕು.

(ಆ) ಒಂದೇ ಜೋಡಿ ಟರ್ಮಿನಲ್‌ಗೆ ಎರಡು ಸ್ಪೀಕರ್‌ಗಳನ್ನು ಸೇರಿಸುವುದು. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾನಾಂತರವಾಗಿ ಜೋಡಿಸಿದಾಗ ರಿಸೀವರ್‌ಗೆ ಅದು 4 ಓಮ್ ಆಗುತ್ತದೆ.

(ಇ) ಹಳೆಯ ಸೆಟ್‌ನ ಸಬ್‌ವೂಫರ್ ಬಳಸುವುದು. ರಿಸೀವರ್‌ನ ಸಬ್‌ವೂಫರ್ ಕಿಂಡಿಯಿಂದ ಬರುವುದು ಬಲಪಡಿಸದ ಸಂಕೇತ ಮಾತ್ರ. ಆದ್ದರಿಂದ ತನ್ನದೇ ಆಂಪ್ಲಿಫೈಯರ್ ಹಾಗೂ ವಿದ್ಯುತ್ ಪ್ಲಗ್ ಇರುವ ‘ಪವರ್ಡ್’ ಸಬ್‌ವೂಫರ್ ಅಗತ್ಯ. ಕೇವಲ ಎರಡು ತಂತಿಗಳಿರುವ ಸಬ್‌ವೂಫರ್ ಇಲ್ಲಿ ಕೆಲಸಕ್ಕೆ ಬಾರದು.

ಧ್ವನಿ ಹೆಚ್ಚಿಸಿದಾಗಲೆಲ್ಲ ರಿಸೀವರ್ ತಾನಾಗಿಯೇ ಬಂದ್ ಆಗುತ್ತಿದ್ದಲ್ಲಿ, ಅದು ಯಾವಾಗಲೂ ತಯಾರಿಕಾ ದೋಷವಾಗಿರುವುದಿಲ್ಲ. ಓಮ್ ಹೊಂದಾಣಿಕೆಯಿಲ್ಲದಿದ್ದಾಗ ಅಥವಾ ತಂತಿಯ ಎಳೆಗಳು ಒಂದಕ್ಕೊಂದು ತಾಗಿದಾಗ ಉಪಕರಣದ ರಕ್ಷಣಾ ವ್ಯವಸ್ಥೆಯು ಹೀಗೆ ಮಾಡುತ್ತದೆ. ಸೇವಾ ಕೇಂದ್ರಕ್ಕೆ ಒಯ್ಯುವ ಮೊದಲು ಇವೆರಡನ್ನೂ ಪರಿಶೀಲಿಸುವುದು ಒಳಿತು.

4. ಸ್ಪೀಕರ್‌ನ ಸೆನ್ಸಿಟಿವಿಟಿ ಹಾಗೂ ಕೊಠಡಿಯ ಅಳತೆ

ಒಂದು ವ್ಯಾಟ್ ಶಕ್ತಿ ನೀಡಿದಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಡೆಸಿಬೆಲ್ ಧ್ವನಿ ನೀಡುತ್ತದೆ ಎಂಬುದೇ ಅದರ ಸೆನ್ಸಿಟಿವಿಟಿ. ಖರೀದಿದಾರರು ಸಾಮಾನ್ಯವಾಗಿ ಕೇಳದ, ಆದರೆ ಅವಶ್ಯವಾಗಿ ಕೇಳಬೇಕಾದ ಸಂಖ್ಯೆ ಇದಾಗಿದೆ.

ವ್ಯಾಟ್ ದ್ವಿಗುಣಗೊಂಡಾಗ ಧ್ವನಿಯು ಕೇವಲ 3 ಡೆಸಿಬೆಲ್ ಹೆಚ್ಚುತ್ತದೆ. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 86 ಡೆಸಿಬೆಲ್‌ನ ಸ್ಪೀಕರ್‌ಗೆ 140 ವ್ಯಾಟ್ ನೀಡುವುದೂ, 89 ಡೆಸಿಬೆಲ್‌ನ ಸ್ಪೀಕರ್‌ಗೆ 70 ವ್ಯಾಟ್ ನೀಡುವುದೂ ಧ್ವನಿಯ ಪ್ರಮಾಣದಲ್ಲಿ ಬಹುತೇಕ ಸಮಾನ. ದುಬಾರಿ ರಿಸೀವರ್‌ಗೆ ಹಣ ಹಾಕುವ ಬದಲು ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರ್ ಆಯ್ಕೆ ಮಾಡಿದರೆ ಅದೇ ಫಲ ದೊರೆಯಬಹುದು.

ಉದಾಹರಣೆ: 86 ಡೆಸಿಬೆಲ್‌ನ ಸ್ಪೀಕರ್ 2 ಮೀಟರ್ ದೂರದಲ್ಲಿ, ಒಂದು ವ್ಯಾಟ್‌ಗೆ ಸುಮಾರು 80 ಡೆಸಿಬೆಲ್ ಧ್ವನಿ ನೀಡುತ್ತದೆ. 10 ವ್ಯಾಟ್‌ಗೆ ಅದು 90 ಡೆಸಿಬೆಲ್ ಆಗುತ್ತದೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್‌ನಷ್ಟಿರುತ್ತದೆ. ಅಂದರೆ 10 ಅಡಿ x 12 ಅಡಿ ಅಥವಾ 12 ಅಡಿ x 15 ಅಡಿ ಅಳತೆಯ ಹಜಾರದಲ್ಲಿ ಬಹುಪಾಲು ಸಮಯ ಕೆಲವೇ ವ್ಯಾಟ್‌ಗಳು ಬಳಕೆಯಾಗುತ್ತವೆ. ಉಳಿದ ಸಾಮರ್ಥ್ಯವು ಹಠಾತ್ತನೆ ಬರುವ ಜೋರು ಧ್ವನಿಗಾಗಿ ಮೀಸಲು. ಇಂತಹ ಕೊಠಡಿಗೆ ಸರಿಯಾದ ಷರತ್ತಿನಲ್ಲಿ ಅಳೆದ 50ರಿಂದ 70 ವ್ಯಾಟ್ ಸಾಕಾಗುತ್ತದೆ.

ಒಂದು ಎಚ್ಚರಿಕೆ: ಕೆಲವು ಕಂಪನಿಗಳು ಒಂದು ವ್ಯಾಟ್‌ಗೆ ಬದಲಾಗಿ 2.83 ವೋಲ್ಟ್‌ಗೆ ಸೆನ್ಸಿಟಿವಿಟಿ ಪ್ರಕಟಿಸುತ್ತವೆ. 8 ಓಮ್ ಸ್ಪೀಕರ್‌ಗೆ ಎರಡೂ ಒಂದೇ. ಆದರೆ 4 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಎಂದರೆ 2 ವ್ಯಾಟ್. ಆದ್ದರಿಂದ ಅಲ್ಲಿ ಸಂಖ್ಯೆಯು 3 ಡೆಸಿಬೆಲ್ ಹೆಚ್ಚಾಗಿ ಕಾಣುತ್ತದೆ.

5. ಹಣದ ಹಂಚಿಕೆ

ಧ್ವನಿಯ ಗುಣಮಟ್ಟವನ್ನು ನಿರ್ಧರಿಸುವುದರಲ್ಲಿ ಸ್ಪೀಕರ್‌ಗಳ ಪಾತ್ರ ದೊಡ್ಡದು. ಅಲ್ಲದೆ ಟಿ.ವಿ. ತಂತ್ರಜ್ಞಾನ ಬದಲಾದಂತೆ ರಿಸೀವರ್ ಹಳೆಯದಾಗುತ್ತದೆ, ಉತ್ತಮ ಸ್ಪೀಕರ್‌ಗಳು ಅನೇಕ ವರ್ಷ ಬಾಳುತ್ತವೆ. ಆದ್ದರಿಂದ ಒಟ್ಟು ಮೊತ್ತದ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಸ್ಪೀಕರ್ ಹಾಗೂ ಸಬ್‌ವೂಫರ್‌ಗಳಿಗೆ ಮೀಸಲಿಡುವುದು ಸೂಕ್ತ. ತಂತಿ, ಸ್ಟ್ಯಾಂಡ್ ಹಾಗೂ ಅಳವಡಿಕೆಯ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲವನ್ನೂ ಒಮ್ಮೆಗೇ ಖರೀದಿಸುವ ಅವಶ್ಯಕತೆಯಿಲ್ಲ. ಮೊದಲ ಹಂತದಲ್ಲಿ 5.1 ರಿಸೀವರ್ ಹಾಗೂ ಮುಂಭಾಗದ ಎರಡು ಉತ್ತಮ ಸ್ಪೀಕರ್‌ಗಳನ್ನು ಖರೀದಿಸಬಹುದು. ಎರಡನೇ ಹಂತದಲ್ಲಿ ಮಧ್ಯದ ಸ್ಪೀಕರ್ ಹಾಗೂ ಸಬ್‌ವೂಫರ್, ಕೊನೆಯಲ್ಲಿ ಸರೌಂಡ್ ಸ್ಪೀಕರ್‌ಗಳನ್ನು ಸೇರಿಸಬಹುದು. ಚಲನಚಿತ್ರಗಳ ಸಂಭಾಷಣೆಯ ಬಹುಭಾಗ ಮಧ್ಯದ ಸ್ಪೀಕರ್‌ನಿಂದಲೇ ಬರುವುದರಿಂದ ಮುಂಭಾಗದ ಮೂರೂ ಸ್ಪೀಕರ್‌ಗಳು ಒಂದೇ ಕಂಪನಿಯ ಒಂದೇ ಶ್ರೇಣಿಗೆ ಸೇರಿರುವುದು ಉತ್ತಮ. ಇಲ್ಲದಿದ್ದಲ್ಲಿ ಪಾತ್ರವು ಪರದೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದಾಗ ಅದರ ದನಿಯೇ ಬದಲಾದಂತೆ ಕೇಳಿಸುತ್ತದೆ.

6. ಟಿ.ವಿ.ಯೊಂದಿಗೆ ಜೋಡಣೆ

ಟಿ.ವಿ. ಹಾಗೂ ರಿಸೀವರ್ ಎರಡರಲ್ಲೂ ‘ಎ.ಆರ್.ಸಿ.’ ಅಥವಾ ‘ಇ-ಎ.ಆರ್.ಸಿ.’ ಎಂದು ಗುರುತಿಸಿದ ಹೆಚ್.ಡಿ.ಎಂ.ಐ. ಕಿಂಡಿಯಿದೆಯೇ ಎಂದು ನೋಡಬೇಕು. ಇದ್ದಲ್ಲಿ ಒಂದೇ ಕೇಬಲ್ ಮೂಲಕ ಟಿ.ವಿ.ಯ ಧ್ವನಿಯನ್ನು ರಿಸೀವರ್‌ಗೆ ತರಬಹುದು. ಇಲ್ಲದಿದ್ದಲ್ಲಿ ಆಪ್ಟಿಕಲ್ ಕೇಬಲ್ ಬಳಸಬಹುದು. ಡಾಲ್ಬಿ ಡಿಜಿಟಲ್ 5.1 ಧ್ವನಿಗೆ ಅದು ಸಾಕು. 4ಕೆ ಉಪಕರಣಗಳನ್ನು ರಿಸೀವರ್ ಮೂಲಕ ಟಿ.ವಿ.ಗೆ ಜೋಡಿಸುವುದಾದರೆ ರಿಸೀವರ್‌ನಲ್ಲಿ ‘ಹೆಚ್.ಡಿ.ಸಿ.ಪಿ. 2.2’ ಸೌಲಭ್ಯವಿರಬೇಕು. ಇಲ್ಲದಿದ್ದಲ್ಲಿ ಪರದೆ ಕಪ್ಪಾಗಬಹುದು. ಬಳಸಿದ ಹಳೆಯ ರಿಸೀವರ್ ಖರೀದಿಸುವವರು ಇದನ್ನು ಅವಶ್ಯವಾಗಿ ಪರಿಶೀಲಿಸಬೇಕು.

7. ವಿದೇಶದಿಂದ ತರುವ ಉಪಕರಣಗಳು

ಭಾರತದಲ್ಲಿ ಮನೆಗಳಿಗೆ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ ಪೂರೈಕೆಯಾಗುತ್ತದೆ. ಅಮೆರಿಕದಲ್ಲಿ ಮಾರಾಟವಾಗುವ ರಿಸೀವರ್‌ಗಳು 120 ವೋಲ್ಟ್‌ನವು. ಅಲ್ಲಿರುವ ಮಕ್ಕಳು ಅಥವಾ ಬಂಧುಗಳು ತಂದುಕೊಟ್ಟ ರಿಸೀವರನ್ನು ನೇರವಾಗಿ ಪ್ಲಗ್‌ಗೆ ಜೋಡಿಸಿದಲ್ಲಿ ಅದು ಸುಟ್ಟುಹೋಗುವ ಅಪಾಯವಿದೆ. ಸೂಕ್ತ ಸಾಮರ್ಥ್ಯದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇಂತಹ ಉಪಕರಣ ಬಳಸತಕ್ಕದ್ದಲ್ಲ. ವಿದೇಶದಲ್ಲಿ ಖರೀದಿಸಿದ ಉಪಕರಣಕ್ಕೆ ಭಾರತದಲ್ಲಿ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಖರೀದಿಗೆ ಮೊದಲೇ ವಿಚಾರಿಸಬೇಕು. ಸ್ಪೀಕರ್‌ಗಳಿಗೆ ವಿದ್ಯುತ್ ಪ್ಲಗ್ ಇಲ್ಲದಿರುವುದರಿಂದ ಈ ತೊಂದರೆಯಿಲ್ಲ. ಪವರ್ಡ್ ಸಬ್‌ವೂಫರ್‌ಗೆ ಮಾತ್ರ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

8. ಅಳವಡಿಕೆ

(ಅ) ಸ್ಪೀಕರ್ ತಂತಿಯು ಶುದ್ಧ ತಾಮ್ರದ್ದಾಗಿರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ನೀಡಿ ಮಾರುವುದೂ ಉಂಟು. ಅದರ ಪ್ರತಿರೋಧ ಹೆಚ್ಚು. 10 ಮೀಟರ್‌ವರೆಗಿನ ದೂರಕ್ಕೆ 1.5 ಚದರ ಮಿ.ಮೀ. ತಂತಿ ಸಾಕು. ದುಬಾರಿ ಕೇಬಲ್‌ಗಳ ಅವಶ್ಯಕತೆಯಿಲ್ಲ.

(ಆ) ಕೆಂಪು ಟರ್ಮಿನಲ್‌ನಿಂದ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ಜೋಡಿಸಬೇಕು. ಒಂದು ಸ್ಪೀಕರ್ ತಿರುವುಮುರುವಾದರೂ ಮಂದ್ರ ಧ್ವನಿ ಕ್ಷೀಣಿಸುತ್ತದೆ.

(ಇ) ಮುಂಭಾಗದ ಎಡ-ಬಲ ಸ್ಪೀಕರ್‌ಗಳು ಕುಳಿತವರ ಕಿವಿಯ ಎತ್ತರದಲ್ಲಿ, ನೇರ ದೃಷ್ಟಿಯಿಂದ ತಲಾ 30 ಡಿಗ್ರಿ ಕೋನದಲ್ಲಿಯೂ, ಸರೌಂಡ್ ಸ್ಪೀಕರ್‌ಗಳು 100ರಿಂದ 120 ಡಿಗ್ರಿ ಕೋನದಲ್ಲಿಯೂ ಇರಲಿ. ಚಿಕ್ಕ ಸ್ಪೀಕರ್‌ಗಳಿದ್ದಲ್ಲಿ ರಿಸೀವರ್‌ನಲ್ಲಿ ‘ಸ್ಮಾಲ್’ ಎಂದು ಆಯ್ಕೆ ಮಾಡಿ, ಕ್ರಾಸ್‌ಓವರನ್ನು 80 ಹರ್ಟ್ಸ್‌ನಿಂದ ಆರಂಭಿಸಬಹುದು. ತೀರಾ ಚಿಕ್ಕ ಸ್ಪೀಕರ್‌ಗಳಿಗೆ ಇನ್ನೂ ಹೆಚ್ಚಿಸಬೇಕಾಗುತ್ತದೆ. ರಿಸೀವರ್ ಜೊತೆಗೆ ಅಳತೆಯ ಮೈಕ್ ನೀಡಿದ್ದಲ್ಲಿ ಅದನ್ನು ತಪ್ಪದೆ ಬಳಸಬೇಕು.

(ಈ) ರಿಸೀವರನ್ನು ಮುಚ್ಚಿದ ಷೋಕೇಸ್‌ನಲ್ಲಿ ಇಡಬಾರದು. ಮೇಲ್ಭಾಗದಲ್ಲಿ ಗಾಳಿಯಾಡಲು ಕೈಪಿಡಿಯಲ್ಲಿ ಸೂಚಿಸಿದಷ್ಟು ಜಾಗವಿರಲಿ. ಅದರ ಮೇಲೆ ಬಟ್ಟೆ ಹೊದಿಸಬಾರದು.

(ಉ) ಸಿಮೆಂಟ್ ಗೋಡೆ ಹಾಗೂ ಟೈಲ್ಸ್ ನೆಲವಿರುವ ಕೊಠಡಿಯಲ್ಲಿ ಧ್ವನಿ ಪ್ರತಿಫಲಿಸಿ ಮಾತು ಅಸ್ಪಷ್ಟವಾಗುತ್ತದೆ. ದಪ್ಪ ಪರದೆ, ಜಮಖಾನ ಹಾಗೂ ಪುಸ್ತಕದ ಕಪಾಟುಗಳಿಂದ ಇದು ಗಮನಾರ್ಹವಾಗಿ ಸುಧಾರಿಸುತ್ತದೆ.

(ಊ) ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ನಿಯಮನ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಶಬ್ದದ ಮಿತಿಯು ಹಗಲು 55 ಹಾಗೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಆಗಿದೆ. ಖಾಸಗಿ ಧ್ವನಿ ವ್ಯವಸ್ಥೆಯ ಶಬ್ದವು ಮನೆಯ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಮೀರುವಂತಿಲ್ಲ. ನೆರೆಹೊರೆಯ ಮಕ್ಕಳು, ವೃದ್ಧರು ಹಾಗೂ ರೋಗಿಗಳ ಹಿತವನ್ನು ಗಮನದಲ್ಲಿರಿಸಿಕೊಳ್ಳಬೇಕು.

9. ಖರೀದಿಯ ಸಮಯದಲ್ಲಿ ಗಮನಿಸಬೇಕಾದ ಅಂಶಗಳು

- ಪರಿಚಿತ ಚಲನಚಿತ್ರದ ಸಂಭಾಷಣೆಯುಳ್ಳ ದೃಶ್ಯವೊಂದನ್ನು ಅಂಗಡಿಯಲ್ಲಿ ನುಡಿಸಿ ಕೇಳಬೇಕು. ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ಧ್ವನಿಯ ಮಟ್ಟ ಸಮಾನವಾಗಿರಲಿ. ಜೋರಾಗಿ ನುಡಿಯುವುದೇ ಉತ್ತಮವೆಂದು ಕಿವಿಗೆ ಭಾಸವಾಗುತ್ತದೆ.
- ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಗ್ರಾಹಕ ಸೇವಾ ಸಂಪರ್ಕ ಹಾಗೂ ಆಮದು ಸರಕಾದಲ್ಲಿ ಮೂಲ ದೇಶದ ಹೆಸರು ಇವೆಯೇ ಎಂದು ನೋಡಬೇಕು.
- ಮಾದರಿ ಸಂಖ್ಯೆ ಹಾಗೂ ಕ್ರಮ ಸಂಖ್ಯೆ ನಮೂದಿಸಿದ ತೆರಿಗೆ ಸಹಿತ ಬಿಲ್ಲನ್ನು ಪಡೆಯಬೇಕು. ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಹಾಗೂ ದಿನಾಂಕ ಹಾಕಿಸಬೇಕು.
- “ಈ ಸ್ಪೀಕರ್ ಈ ರಿಸೀವರ್‌ಗೆ ಹೊಂದುತ್ತದೆ” ಎಂದು ಮಾರಾಟಗಾರರು ಭರವಸೆ ನೀಡಿದಲ್ಲಿ, ಅದನ್ನು ಬಿಲ್ಲಿನ ಮೇಲೆ ಅಥವಾ ದರಪಟ್ಟಿಯ ಮೇಲೆ ಓಮ್ ಸಂಖ್ಯೆ ಸಹಿತ ಬರೆಯಿಸಿಕೊಳ್ಳಬೇಕು. ಬಾಯಿಮಾತಿನ ಭರವಸೆಯನ್ನು ನಂತರ ರುಜುವಾತುಪಡಿಸುವುದು ಕಷ್ಟ. ಬರಹದಲ್ಲಿದ್ದಲ್ಲಿ ಅದೇ ದಾಖಲೆಯಾಗುತ್ತದೆ.
- ಬಿಲ್ಲು ನೀಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸಿಲ್ಲದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಸಹ ಇದೇ ವ್ಯಾಪ್ತಿಗೆ ಬರುತ್ತದೆ.

10. ದೂರು ಸಲ್ಲಿಸುವ ವಿಧಾನ

ಮೊದಲು ಮಾರಾಟಗಾರರಿಗೆ ಹಾಗೂ ಕಂಪನಿಗೆ ಲಿಖಿತವಾಗಿ ದೂರು ನೀಡಿ, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆನ್‌ಲೈನ್ ಮೂಲಕ ಖರೀದಿಸಿದ್ದಲ್ಲಿ ಆಯಾ ಸಂಸ್ಥೆಯ ದೂರು ಪರಿಹಾರ ಅಧಿಕಾರಿಯು ದೂರನ್ನು 48 ಗಂಟೆಗಳಲ್ಲಿ ಸ್ವೀಕೃತಿಗೊಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು.

ಅದರ ನಂತರವೂ ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ ದೂರುದಾರರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿಲ್ಲ. ದೂರಿಗೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ದೂರಿನೊಂದಿಗೆ ಬಿಲ್ಲು, ವಾರಂಟಿ ಕಾರ್ಡ್, ಜಾಹೀರಾತು ಅಥವಾ ಪೆಟ್ಟಿಗೆಯ ಛಾಯಾಚಿತ್ರ, ಸೇವಾ ಕೇಂದ್ರದ ವರದಿ ಹಾಗೂ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಬೇಕು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಿಸೀವರ್ 70 ವ್ಯಾಟ್, ಸ್ಪೀಕರ್ 100 ವ್ಯಾಟ್ ಇದ್ದರೆ ತೊಂದರೆಯೇ?
ಉತ್ತರ: ತೊಂದರೆಯಿಲ್ಲ. ಸ್ಪೀಕರ್‌ನ ವ್ಯಾಟ್ ಅದು ತಾಳಿಕೊಳ್ಳುವ ಮಿತಿ ಮಾತ್ರ. ಆದರೆ ಧ್ವನಿ ಒಡೆಯುವಷ್ಟು ಹೆಚ್ಚಿಸಿದಲ್ಲಿ ಸಣ್ಣ ರಿಸೀವರ್ ಕೂಡ ದೊಡ್ಡ ಸ್ಪೀಕರ್‌ನ ಟ್ವೀಟರನ್ನು ಸುಡಬಲ್ಲದು. ಧ್ವನಿ ಕರ್ಕಶವಾದ ಕೂಡಲೇ ಕಡಿಮೆ ಮಾಡಬೇಕು.

ಪ್ರಶ್ನೆ: 5.1ಕ್ಕಿಂತ 7.1 ಉತ್ತಮವೇ?
ಉತ್ತರ: ಸೋಫಾ ಹಿಂದಿನ ಗೋಡೆಗೆ ತಾಗಿರುವ ಹಜಾರದಲ್ಲಿ ಹೆಚ್ಚುವರಿ ಎರಡು ಸ್ಪೀಕರ್‌ಗಳಿಗೆ ಸ್ಥಳವೇ ಇರುವುದಿಲ್ಲ. ಅದೇ ಹಣದಲ್ಲಿ ಐದು ಉತ್ತಮ ಸ್ಪೀಕರ್‌ಗಳನ್ನು ಖರೀದಿಸುವುದು ಲೇಸು.

ಪ್ರಶ್ನೆ: ಸೌಂಡ್‌ಬಾರ್ ಸಾಕಾಗುವುದಿಲ್ಲವೇ?
ಉತ್ತರ: ಬಾಡಿಗೆ ಮನೆಯಲ್ಲಿ ತಂತಿ ಎಳೆಯಲು ಅವಕಾಶವಿಲ್ಲದವರಿಗೆ ಹಾಗೂ ಮುಖ್ಯವಾಗಿ ಸಂಭಾಷಣೆ ಸ್ಪಷ್ಟವಾಗಿ ಕೇಳಿದರೆ ಸಾಕು ಎನ್ನುವವರಿಗೆ ಅದು ಸೂಕ್ತ. ಆದರೆ ಮುಂದೆ ಅದಕ್ಕೆ ಬೇರೆ ಕಂಪನಿಯ ಸ್ಪೀಕರ್‌ಗಳನ್ನು ಸೇರಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ.

ಸೂಚನೆ

ಅಂಗಡಿಗೆ ತೆರಳುವಾಗ ನಾಲ್ಕು ವಿವರಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಉಪಯುಕ್ತ: ಕೊಠಡಿಯ ಅಳತೆ, ಟಿ.ವಿ.ಯ ಮಾದರಿ ಸಂಖ್ಯೆ, ಕುಳಿತುಕೊಳ್ಳುವ ದೂರ ಹಾಗೂ ಮೀರಬಾರದ ಒಟ್ಟು ಮೊತ್ತ. ಮರಳುವಾಗ ಬಿಲ್ಲಿನ ಮೇಲೆ ಮಾದರಿ ಸಂಖ್ಯೆ, ಓಮ್ ಹಾಗೂ ವಾರಂಟಿ ಅವಧಿ ನಮೂದಾಗಿವೆಯೇ ಎಂದು ನೋಡಿಕೊಳ್ಳಬೇಕು.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದರಲ್ಲಿ ಯಾವುದೇ ಕಂಪನಿಯ ಅಥವಾ ಮಾರಾಟಗಾರರ ಉತ್ಪನ್ನವನ್ನು ಶಿಫಾರಸು ಮಾಡಿರುವುದಿಲ್ಲ.